ಅವ್ವನೊಂದಿಗೆ ಶಿಕಾಗೋ ಬ್ಲೂಸ್ ಉತ್ಸವಕ್ಕೆ

ಊರಿನಿಂದ ಬಂದ ತಂದೆ ತಾಯಿಯರನ್ನು ಅಮೆರಿಕದಲ್ಲಿ ಎಲ್ಲೆಲ್ಲಿಗೆ ಕರೆದೊಯ್ಯಬೇಕು ಎಂದು ಯೋಚಿಸುವಾಗ ನಮ್ಮಲ್ಲಿ ಹೆಚ್ಚಿನವರಿಗೆ ನಯಾಗರ, ನ್ಯೂಯಾರ್ಕ್ ಮತ್ತು ಹತ್ತಿರದ ದೇವಸ್ಥಾನಗಳೇ ಮೊದಲು ನೆನಪಾಗುತ್ತವೆ. ಶಿಕಾಗೋ ಆಸುಪಾಸಿನಲ್ಲಿರುವವರು, ಅದರಲ್ಲೂ ಪದ, ಭಜನೆಗಳ ರುಚಿಯುಳ್ಳ ಹಿರಿಯರು ಮನೆಗೆ ಬಂದಿದ್ದರೆ, ಜೂನ್ ತಿಂಗಳ ಮೊದಲ ಭಾಗದಲ್ಲಿ ನಡೆಯುವ, ಅಮೆರಿಕದ ಕರಿಯ ಜನರ ಬ್ಲೂಸ್ ಎಂಬ ಸಂಗೀತದ ಶಿಕಾಗೋ ಬ್ಲೂಸ್ ಉತ್ಸವವನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬೇಕೆಂಬುದು ನನ್ನ ಆಸೆ. 2024ರಲ್ಲಿ ಧಾರವಾಡದಿಂದ ಬಂದಿದ್ದ ನನ್ನ 71 ವರ್ಷದ ಅವ್ವನೊಂದಿಗೆ ನಾನು ಅಲ್ಲಿಗೆ ಶನಿವಾರ ಮತ್ತು ಭಾನುವಾರ ಎರಡೂ ದಿನ ಹೋಗಿದ್ದೆ. ಶನಿವಾರ ನಾನು ಮಾಡಿದ ತಪ್ಪುಗಳಿಂದ ಅವ್ವ ಬಳಲಿದಳು. ಅವುಗಳನ್ನು ತಿದ್ದಿಕೊಂಡ ಭಾನುವಾರ ಅವಳು ಕೊನೆಯ ಹಾಡಿನವರೆಗೂ ಕುಳಿತು ಕೇಳಿದಳು. ಆ ಎರಡು ದಿನಗಳ ನಡುವಿನ ವ್ಯತ್ಯಾಸವನ್ನು ಮುಂದೆ ಹೋಗುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಉತ್ಸವ ಆರಂಭವಾದದ್ದು 1984ರಲ್ಲಿ, ಶಿಕಾಗೋ ಬ್ಲೂಸ್‌ನ ಹಿರಿಯ ಹಾಡುಗಾರ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ತೀರಿಕೊಂಡ ಮರುವರ್ಷ. ಮೂರು ದಶಕಗಳಿಗೂ ಹೆಚ್ಚು ಕಾಲ ಗ್ರ್ಯಾಂಟ್ ಪಾರ್ಕಿನಲ್ಲಿ ನಡೆದು, 2017ರಿಂದ ಅದರ ಪಕ್ಕದ ಮಿಲೇನಿಯಮ್ ಪಾರ್ಕಿಗೆ ಬಂದಿದೆ. ನಗರಾಡಳಿತವೇ ಇದನ್ನು ನಡೆಸುತ್ತದೆ. ಪಾರ್ಕಿನ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ, ಪ್ರವೇಶ ಸಂಪೂರ್ಣ ಉಚಿತ. ಟಿಕೆಟ್ ಇಲ್ಲದಿರುವುದು ಹಿರಿಯರೊಂದಿಗೆ ಹೋಗುವವರಿಗೆ ದೊಡ್ಡ ಅನುಕೂಲ, ಏಕೆಂದರೆ ಮಂಡಿ ನೋವೆಂದೋ ಬಿಸಿಲೆಂದೋ ಅರ್ಧಕ್ಕೆ ಎದ್ದು ಬಂದರೆ ಹಣ ಹೋಯಿತೆಂಬ ಸಂಕಟ ಯಾರಿಗೂ ಇರುವುದಿಲ್ಲ. ನನ್ನ ಅವ್ವನಂಥವರಿಗೆ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡುವ ಅಭ್ಯಾಸ ಎಂದಿಗೂ ಹೋಗದು; ಖರ್ಚಾಗಿದೆ ಎಂಬ ಕಾರಣಕ್ಕೇ ಅವರು ನೋವು ನುಂಗಿಕೊಂಡು ಕೂತುಬಿಡುತ್ತಾರೆ.

ಪ್ರಯಾಣದ ದಿನಾಂಕ ನಿಮ್ಮ ಕೈಯಲ್ಲಿದ್ದರೆ, ತಂದೆ ತಾಯಿಯರು ಉತ್ಸವಕ್ಕೆ ಎರಡು ವಾರ ಮೊದಲೇ ಬಂದಿರುವಂತೆ ನೋಡಿಕೊಳ್ಳಿ. ಹಗಲು ರಾತ್ರಿ ಅದಲುಬದಲಾದ ಮೊದಲ ವಾರದಲ್ಲಿ ಸಂಜೆ ಆರಕ್ಕೇ ಅವರ ಕಣ್ಣು ಮುಚ್ಚಿಕೊಳ್ಳುತ್ತದೆ, ಮುಖ್ಯ ಸಂಗೀತ ಕಛೇರಿಗಳು ನಡೆಯುವುದು ಆ ಹೊತ್ತಿನಲ್ಲೇ. ಪ್ರವಾಸಿ ಆರೋಗ್ಯ ವಿಮೆ ಆ ಹೊತ್ತಿಗೆ ಜಾರಿಯಲ್ಲಿರಲಿ, ವಿಮೆಯ ಕಾರ್ಡು ಮತ್ತು ಪಾಸ್‌ಪೋರ್ಟಿನ ಪ್ರತಿ ನಿಮ್ಮ ಫೋನಿನಲ್ಲಿರಲಿ.

ಇನ್ನು ನನ್ನ ಶನಿವಾರದ ವಿಷಯ. ನಾವಿರುವ ಪಶ್ಚಿಮದ ಉಪನಗರದಿಂದ ಯೂನಿಯನ್ ಸ್ಟೇಷನ್ನಿಗೆ ನೇರ ರೈಲಿದೆ, ಅವ್ವನಿಗೆ ರೈಲೆಂದರೆ ಇಷ್ಟ, ಆದ್ದರಿಂದ ರೈಲಿನಲ್ಲಿ ಹೋದೆವು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಯೂನಿಯನ್ ಸ್ಟೇಷನ್ನಿನಿಂದ ಮಿಲೇನಿಯಮ್ ಪಾರ್ಕ್ ಸುಮಾರು ಒಂದು ಮೈಲಿ ದೂರ. ನಾನು ದಿನವೂ ನಡೆಯುವ ದಾರಿಯಾದ್ದರಿಂದ ಅದು ನನ್ನ ಲೆಕ್ಕಕ್ಕೆ ಬರಲಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಅವ್ವನನ್ನು ನಡೆಸಿಕೊಂಡೇ ಹೋದೆ. ನದಿ ದಾಟಿದ ಮೇಲೆ ಅವಳು ಎರಡು ಕಡೆ ಕಟ್ಟಡಗಳ ಮೆಟ್ಟಿಲ ಮೇಲೆ ಕುಳಿತಳು, ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಾರ್ಕಿನ ದ್ವಾರದಲ್ಲಿ ಚೀಲಗಳ ತಪಾಸಣೆಯ ಸಾಲು ಇತ್ತು. ಅವ್ವನ ಚೀಲದಲ್ಲಿ ಹಣ್ಣು ಹೆಚ್ಚಲೆಂದು ಇಟ್ಟುಕೊಂಡಿದ್ದ ಚಿಕ್ಕ ಚಾಕು ಸಿಕ್ಕಿ, ಅದನ್ನು ಅಲ್ಲಿಯೇ ಬಿಡಬೇಕಾಯಿತು. ನಾವು ಒಳಗೆ ಹೋಗುವ ಹೊತ್ತಿಗೆ ನೆರಳಿನ ಜಾಗಗಳೆಲ್ಲ ತುಂಬಿದ್ದವು. ಸಂಜೆಯ ಕಛೇರಿ ಆರಂಭವಾಗುವ ಮೊದಲೇ ಹಿಂತಿರುಗಿದೆವು.

ಭಾನುವಾರ ಕಾರಿನಲ್ಲಿ ಹೋದೆವು. ಮಿಲೇನಿಯಮ್ ಪಾರ್ಕ್ ಎಂಬುದು 24.5 ಎಕರೆಯ ಒಂದು ದೊಡ್ಡ ತಾರಸಿ ತೋಟ. ಅದರ ಕೆಳಗೆ ರೈಲು ಹಳಿಗಳೂ ವಾಹನ ನಿಲುಗಡೆಯೂ ಇವೆ. ನೆಲದಡಿಯ ಆ ನಿಲುಗಡೆಯಲ್ಲಿ ಮೊದಲೇ ಜಾಗ ಕಾದಿರಿಸಿಕೊಂಡರೆ, ಕಾರಿನಿಂದ ಇಳಿದು ಲಿಫ್ಟಿನಲ್ಲಿ ಮೇಲೆ ಬಂದಾಗ ಪಾರ್ಕಿನಲ್ಲೇ ಇರುತ್ತೀರಿ. ನೀವು ರೈಲಿನಲ್ಲೇ ಬರುವವರಾದರೆ ಯೂನಿಯನ್ ಸ್ಟೇಷನ್ನಿನಿಂದ ಟ್ಯಾಕ್ಸಿ ಹಿಡಿಯಿರಿ. ನಗರ ರೈಲಿನಲ್ಲಿ ಬರುವವರಿಗೆ ವಾಷಿಂಗ್ಟನ್–ವಾಬಾಷ್ ನಿಲ್ದಾಣ ಹತ್ತಿರ. 2017ರಲ್ಲಿ ತೆರೆದ ಹೊಸ ನಿಲ್ದಾಣವಾದ್ದರಿಂದ ಅಲ್ಲಿ ಲಿಫ್ಟ್ ಇದೆ, ರಸ್ತೆಯ ಮೇಲೆ ಎತ್ತರದಲ್ಲಿರುವ ಇಲ್ಲಿನ ಹಳೆಯ ನಿಲ್ದಾಣಗಳಲ್ಲಿ ಕೆಲವಕ್ಕೆ ಲಿಫ್ಟ್ ಇಲ್ಲ.

ಎಲ್ಲಿ ಕೂರಬೇಕು ಎಂಬುದಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ಮುಖ್ಯ ವೇದಿಕೆಯಾದ ಜೇ ಪ್ರಿಟ್ಜ್‌ಕರ್ ಪೆವಿಲಿಯನ್ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ರೂಪಿಸಿದ್ದು. ಅದರ ಮುಂದೆ ಸುಮಾರು 4,000 ಸ್ಥಿರ ಆಸನಗಳಿವೆ, ಅವುಗಳ ಹಿಂದೆ 7,000 ಜನ ಕೂರಬಹುದಾದ ಹುಲ್ಲುಹಾಸಿದೆ. ಆಸನಗಳಿಗೆ ಸಂಖ್ಯೆಯ ಹಂಚಿಕೆ ಇಲ್ಲ, ಮೊದಲು ಬಂದವರು ಕೂರುತ್ತಾರೆ. ಹುಲ್ಲಿನ ಮೇಲೆ ಕೂತು ಏಳುವುದು ಮಂಡಿ ನೋವಿನವರಿಗೆ ಕಷ್ಟ. ಬೆನ್ನಿಗೆ ಒರಗುವ ಆಸರೆಯುಳ್ಳ ಸ್ಥಿರ ಆಸನವೇ ಅವರಿಗೆ ತಕ್ಕದ್ದು, ಅದಕ್ಕಾಗಿ ಎರಡು ಗಂಟೆ ಮುಂಚೆ ಬಂದರೂ ನಷ್ಟವಿಲ್ಲ. ಗಾಲಿಕುರ್ಚಿಯವರಿಗೆ ಪ್ರತ್ಯೇಕ ಜಾಗವಿದೆ. ವೇದಿಕೆ ಉತ್ತರದಲ್ಲಿದ್ದು ಪ್ರೇಕ್ಷಕರು ಉತ್ತರಕ್ಕೆ ಮುಖ ಮಾಡಿ ಕೂರುವುದರಿಂದ ಇಳಿಬಿಸಿಲು ಎಡಗಡೆಯಿಂದ ಬರುತ್ತದೆ. ಎಡಭಾಗದಲ್ಲಿ, ಅಂದರೆ ಮಿಷಿಗನ್ ಅವೆನ್ಯೂ ಕಡೆಗೆ ಕೂತವರಿಗೆ ಅಲ್ಲಿನ ಎತ್ತರದ ಕಟ್ಟಡಗಳ ನೆರಳು ಬೇಗ ಸಿಗುತ್ತದೆ. ಮುಂದಿನ ಸಾಲುಗಳ ಆಸೆ ಬೇಡ. ಹುಲ್ಲುಹಾಸಿನ ಮೇಲೆ ಉಕ್ಕಿನ ಕೊಳವೆಗಳ ಚಪ್ಪರವಿದ್ದು, ಅದರಿಂದ ಇಳಿಬಿಟ್ಟ ಧ್ವನಿವರ್ಧಕಗಳು ವೇದಿಕೆಯಿಂದ ದನಿ ಬಂದು ಮುಟ್ಟುವ ಕ್ಷಣಕ್ಕೆ ಸರಿಹೊಂದಿಸಿಕೊಂಡು ಹಾಡನ್ನು ಹಿಂದಿನವರೆಗೂ ಒಯ್ಯುತ್ತವೆ. ಆದ್ದರಿಂದ ಆಸನಗಳ ಹಿಂಭಾಗದಲ್ಲಿ ಕೂತರೂ ಮಾತುಗಳು ಸ್ಪಷ್ಟವಾಗಿಯೇ ಕೇಳುತ್ತವೆ, ಎದೆ ನಡುಗಿಸುವ ಅಬ್ಬರ ಮಾತ್ರ ಇರುವುದಿಲ್ಲ. ಇಷ್ಟಾದರೂ ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬಿರಡೆಗಳನ್ನು ಒಯ್ಯಿರಿ, ಶ್ರವಣಯಂತ್ರ ಬಳಸುವವರಿಗೆ ಅದರ ದನಿ ತಗ್ಗಿಸಲು ನೆನಪಿಸಿ.

ಶೌಚಾಲಯದ ವಿಚಾರವನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ಬದಲಾಗಿ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಶನಿವಾರ ಅವ್ವ ಮಾಡಿದ್ದು ಅದನ್ನೇ, ಸಂಜೆಯ ಹೊತ್ತಿಗೆ ಅವಳಿಗೆ ತಲೆ ಸುತ್ತಿತು. ಪಾರ್ಕಿನ ಎದುರು, ಮಿಷಿಗನ್ ಅವೆನ್ಯೂವಿನ ಆಚೆ ಬದಿಯಲ್ಲಿ ಶಿಕಾಗೋ ಕಲ್ಚರಲ್ ಸೆಂಟರ್ ಇದೆ. 1897ರಲ್ಲಿ ಸಾರ್ವಜನಿಕ ಗ್ರಂಥಾಲಯವಾಗಿ ಕಟ್ಟಿದ ಆ ಕಟ್ಟಡಕ್ಕೂ ಪ್ರವೇಶ ಉಚಿತ, ಒಳಗೆ ತಂಪು, ಕೂರಲು ಜಾಗ, ಸ್ವಚ್ಛವಾದ ಶೌಚಾಲಯ, ಲಿಫ್ಟ್ ಎಲ್ಲವೂ ಇವೆ. ಮೇಲಿನ ಟಿಫನಿ ಗಾಜಿನ ಗುಮ್ಮಟವನ್ನು ಕತ್ತೆತ್ತಿ ನೋಡುತ್ತ ಅವ್ವ ಅರ್ಧ ಗಂಟೆ ಕುಳಿತಿದ್ದಳು. ಭಾನುವಾರ ನಾವು ಮೊದಲು ಅಲ್ಲಿಗೆ ಹೋಗಿ, ಎಲ್ಲ ಮುಗಿಸಿಕೊಂಡು, ಆಮೇಲೆ ಪಾರ್ಕಿಗೆ ಬಂದೆವು. ಅದು ಸಂಜೆ 5ಕ್ಕೆ ಮುಚ್ಚುವುದರಿಂದ ಆಮೇಲಿನ ಹೊತ್ತಿಗೆ ಪಾರ್ಕಿನ ಶೌಚಾಲಯಗಳನ್ನೇ ನಂಬಬೇಕು. ಎಲ್ಲಿವೆ ಎಂದು ಕೂರುವ ಮೊದಲೇ ತೋರಿಸಿಬಿಡಿ.

ಊಟಕ್ಕೆ ಮನೆಯದನ್ನೇ ಒಯ್ಯುವುದು ಲೇಸು. ಮಳಿಗೆಗಳಲ್ಲಿ ಸುಟ್ಟ ಮಾಂಸವೇ ಹೆಚ್ಚು, ಸಸ್ಯಾಹಾರಿಗಳ ಪಾಲಿಗೆ ಉಳಿಯುವುದು ಕಡಿಮೆ. ಅವ್ವ ಊರಿನಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಬೆಳಿಗ್ಗೆ ಮಾಡಿದ ಚಿತ್ರಾನ್ನ ನಮಗೆ ಸಾಕಾದವು. ಗಾಜಿನ ಬಾಟಲಿ, ಹರಿತವಾದ ವಸ್ತು, ಮದ್ಯ ಇವುಗಳನ್ನು ಒಳಗೆ ಬಿಡುವುದಿಲ್ಲ. ಆ ವರ್ಷದ ನಿಷೇಧಗಳ ಪಟ್ಟಿಯನ್ನು ಹೊರಡುವ ಮುನ್ನ ಓದಿಕೊಳ್ಳಿ. ಒಳಗೆ ಬಿಯರ್ ಮಾರುತ್ತಾರೆ, ಜನ ಕುಡಿಯುತ್ತಾರೆ, ಎದ್ದು ಕುಣಿಯುತ್ತಾರೆ, ಇಲಿನಾಯ್‌ನಲ್ಲಿ 2020ರಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧವಾಗಿರುವುದರಿಂದ ಅದರ ವಾಸನೆಯೂ ಎಲ್ಲಿಂದಲೋ ಬಂದೀತು. ಇದನ್ನು ಮನೆಯಲ್ಲೇ ಹೇಳಿ ಕರೆತಂದರೆ ಅವರು ಗಾಬರಿಯಾಗುವುದಿಲ್ಲ.

ಹವೆಯ ವಿಷಯದಲ್ಲಿ ಮಿಷಿಗನ್ ಸರೋವರವನ್ನು ಮರೆಯಬಾರದು. ಉಪನಗರದಲ್ಲಿ ಸೆಕೆಯಿದ್ದ ದಿನವೂ ಸರೋವರದ ಕಡೆಯಿಂದ ಗಾಳಿ ತಿರುಗಿದರೆ ದಡದಲ್ಲಿ ಚಳಿ ಹಿಡಿಯುತ್ತದೆ. ಒಂದು ಶಾಲು, ಸ್ವೆಟರ್, ಕಾಲುಚೀಲ ಚೀಲದಲ್ಲಿರಲಿ. ಗುಡುಗು ಮಳೆಯ ಮುನ್ಸೂಚನೆಯಿದ್ದರೆ ಆ ದಿನವನ್ನು ಬಿಟ್ಟುಬಿಡುವುದೇ ವಿವೇಕ.

ಇವೆಲ್ಲ ದೇಹದ ಅನುಕೂಲದ ಮಾತಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಸಿದ್ಧತೆಯಿದೆ: ಹಾಡುತ್ತಿರುವವರು ಯಾರು, ಏಕೆ ಹಾಡುತ್ತಾರೆ ಎಂಬುದನ್ನು ಹಿಂದಿನ ದಿನಗಳಲ್ಲೇ ಅವರಿಗೆ ಕಥೆಯಾಗಿ ಹೇಳುವುದು. ಹತ್ತಿಯ ಹೊಲಗಳಲ್ಲಿ ದುಡಿದ ಕರಿಯ ಜನರ ದುಡಿಮೆಯ ಹಾಡುಗಳಿಂದ ಈ ಸಂಗೀತ ಹುಟ್ಟಿತೆಂದೂ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಿಂದ ಲಕ್ಷಾಂತರ ಮಂದಿ ದಕ್ಷಿಣದ ಬಡತನ ಮತ್ತು ದೌರ್ಜನ್ಯದಿಂದ ತಪ್ಪಿಸಿಕೊಂಡು ಉತ್ತರದ ಕಾರ್ಖಾನೆಗಳಿಗೆ ಬಂದರೆಂದೂ, ಮಿಸಿಸಿಪ್ಪಿಯವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರವಾಗಿ ಶಿಕಾಗೋ ದಾರಿ ತೋರಿಸಿತೆಂದೂ ನಾನು ಅವ್ವನಿಗೆ ಹೇಳಿದ್ದೆ. ಮಡ್ಡಿ ವಾಟರ್ಸ್ 1943ರಲ್ಲಿ ಹಾಗೆ ಬಂದವರೇ. ಗದ್ದಲದ ಪಾನಗೃಹಗಳಲ್ಲಿ ಮರದ ಗಿಟಾರಿನ ದನಿ ಯಾರಿಗೂ ಕೇಳದಿದ್ದುದರಿಂದ ವಿದ್ಯುತ್ ಗಿಟಾರ್ ಹಿಡಿದರು, ಅಲ್ಲಿಂದ ಶಿಕಾಗೋ ಬ್ಲೂಸ್ ಎಂಬ ಧಾಟಿ ಬೆಳೆಯಿತು. ಊರು ಬಿಟ್ಟು ದುಡಿಯಲು ಹೋದವರ ಕಥೆಯನ್ನು ನಮ್ಮ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲದಲ್ಲಿ ಗೋವೆಗೂ ಮುಂಬಯಿಗೂ ಗುಳೆ ಹೋದವರನ್ನು ಅವರು ಕಂಡಿದ್ದಾರೆ.

ಹಗಲಿನಲ್ಲಿ ಪಾರ್ಕಿನ ಹಾದಿಗಳಲ್ಲಿ ಚಿಕ್ಕ ವೇದಿಕೆಗಳಿರುತ್ತವೆ, ಮಿಸಿಸಿಪ್ಪಿಯ ಕಲಾವಿದರಿಗೆಂದೇ ಒಂದಿದೆ. ಹಿರಿಯರಿಗೆ ಮುಖ್ಯ ವೇದಿಕೆಗಿಂತ ಇವೇ ಹೆಚ್ಚು ಹಿಡಿಸುತ್ತವೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಹಾಡುವವರ ಮುಖ ಕಾಣುತ್ತದೆ, ಬೆರಳು ಕಾಣುತ್ತದೆ. ಶನಿವಾರದ ಬಳಲಿಕೆಯಲ್ಲೂ ಅವ್ವ ಅಲ್ಲಿ ಮುಕ್ಕಾಲು ಗಂಟೆ ಕುಳಿತು ಒಬ್ಬ ಗಿಟಾರಿನವರನ್ನು ಕೇಳಿದಳು. ಬ್ಲೂಸ್‌ನ ಒಂದು ಸಾಮಾನ್ಯ ಕಟ್ಟು ಹೀಗಿದೆ: ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತಗಳಿಗೆ ಮೂರು ಸಾಲು, ಮೊದಲ ಸಾಲನ್ನೇ ಎರಡನೆಯ ಸಲವೂ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಸಾಲು ಮುಗಿದ ಕಡೆ ಗಿಟಾರ್ ಮಾತಾಡುತ್ತದೆ. ಅವ್ವ ತೊಡೆಯ ಮೇಲೆ ತಾಳ ಎಣಿಸುತ್ತ ಇದನ್ನು ತಾನೇ ಕಂಡುಹಿಡಿದಳು. ಒಂದೇ ಸಾಲನ್ನು ಎರಡು ಸಲ ಹಾಡುವುದಕ್ಕೆ ಏನೋ ದೊಡ್ಡ ಕಾರಣ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: “ಬೀಸೋಕಲ್ಲಿನ ಮುಂದ ಕುಂತಾಗ ನಾವೂ ಹಂಗ ಹಾಡತಿದ್ವಿ, ತಮ್ಮಾ. ಮುಂದಿನ ಸಾಲ ನೆನಪಾಗಾಕ ಅಷ್ಟ ಹೊತ್ತ ಬೇಕಲ್ಲ.” ತಂತಿಯನ್ನು ಬೆರಳಿನಿಂದ ಎಳೆದು ಸ್ವರವನ್ನು ಮೇಲಕ್ಕೆ ಜಾರಿಸುವುದನ್ನು ಕಂಡು “ಮೀಂಡ” ಎಂದಳು. ಅವಳು ಭಜನೆಯ ಮೇಳದಲ್ಲಿ ಹಾರ್ಮೋನಿಯಂ ಹಿಡಿದವಳು, ಹಾರ್ಮೋನಿಯಂನಲ್ಲಿ ಬಾರದ ಆ ಜಾರುವಿಕೆ ಅವಳ ಕಿವಿಗೆ ತಕ್ಷಣ ಸಿಕ್ಕಿತು.

ಜೂನ್ 9ರ ಭಾನುವಾರ ಉತ್ಸವದ ಕೊನೆಯ ಕಛೇರಿ ಬಡ್ಡಿ ಗೈ ಅವರದು. ಲೂಯಿಸಿಯಾನಾದ ಲೆಟ್ಸ್‌ವರ್ತ್ ಎಂಬ ಹಳ್ಳಿಯಲ್ಲಿ 1936ರಲ್ಲಿ ಹುಟ್ಟಿ, 1957ರಲ್ಲಿ ಶಿಕಾಗೋಗೆ ಬಂದವರು. ಅವರ ವಯಸ್ಸು 87 ಎಂದಾಗ ಅವ್ವ “ನನಕಿಂತ ಹದಿನಾರು ವರ್ಷ ದೊಡ್ಡವರು” ಎಂದು ಲೆಕ್ಕ ಹಾಕಿ, ಬೆನ್ನು ನೇರ ಮಾಡಿಕೊಂಡು ಕುಳಿತಳು. ಗಿಟಾರನ್ನು ಪಿಸುಮಾತಿನಷ್ಟು ತಗ್ಗಿಸಿ, ಎಲ್ಲರೂ ಕಿವಿಗೊಟ್ಟಾಗ ಒಮ್ಮೆಲೇ ಸಿಡಿಸುವುದು ಅವರ ಪದ್ಧತಿ. ಕಿವಿಯ ಬಿರಡೆಗಳು ಆಗ ಉಪಯೋಗಕ್ಕೆ ಬಂದವು. ನಿಮಗೆ ಎರಡು ದಿನ ಹೋಗಲಾಗದಿದ್ದರೆ, ಒಬ್ಬ ಹಿರಿಯ ಕಲಾವಿದರಿರುವ ಒಂದು ಸಂಜೆಯನ್ನು ಆರಿಸಿಕೊಂಡು ಅಂದಿನ ಮಧ್ಯಾಹ್ನವನ್ನು ಚಿಕ್ಕ ವೇದಿಕೆಗಳಿಗೆ ಕೊಡಿ. ಎಲ್ಲ ದಿನ, ಎಲ್ಲ ವೇದಿಕೆ ಎಂದು ಓಡಬೇಡಿ.

ಆಸುಪಾಸಿನಲ್ಲಿ ನೋಡಬೇಕಾದದ್ದನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ. ಪಾರ್ಕಿನ ಪಕ್ಕದಲ್ಲೇ ಇರುವ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿಯೇ 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದರು, ಅದರ ಮುಂದಿನ ರಸ್ತೆಗೆ ಅವರ ಹೆಸರಿನ ಫಲಕವಿದೆ. ಅದಕ್ಕೆ ಹಿಂದಿನ ವರ್ಷ ಅವರು ಬೆಳಗಾವಿಗೆ ಬಂದಿದ್ದ ಸಂಗತಿ ಅವ್ವನಿಗೆ ಗೊತ್ತಿತ್ತು. ಫಲಕದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಳು. ಬ್ಲೂಸ್‌ನ ಕಥೆ ಮುಂದುವರಿಸಬೇಕೆನ್ನುವವರಿಗೆ 2120 ಸೌತ್ ಮಿಷಿಗನ್ ಅವೆನ್ಯೂವಿನಲ್ಲಿ ಬ್ಲೂಸ್ ಧ್ವನಿಮುದ್ರಿಕೆಗಳ ಕಂಪನಿಯಾದ ಚೆಸ್ ರೆಕಾರ್ಡ್ಸ್‌ನ ಹಳೆಯ ಸ್ಟುಡಿಯೋ ಇದೆ, ಈಗ ಬ್ಲೂಸ್ ಹಾಡುಗಳನ್ನು ಬರೆದ ವಿಲ್ಲಿ ಡಿಕ್ಸನ್ ಅವರ ಹೆಸರಿನ ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ. ಸ್ಟುಡಿಯೋ ಮೇಲಿನ ಮಹಡಿಯಲ್ಲಿರುವುದರಿಂದ ಮೆಟ್ಟಿಲಿನ ವಿಚಾರವನ್ನು ಮೊದಲೇ ಕೇಳಿಕೊಂಡು ಹೋಗಿ.

ಕೊನೆಯ ಹಾಡು ಮುಗಿದ ಕೂಡಲೇ ಏಳಬೇಡಿ. ಸಾವಿರಾರು ಜನ ಒಮ್ಮೆಗೇ ದ್ವಾರಗಳ ಕಡೆಗೂ ಲಿಫ್ಟುಗಳ ಕಡೆಗೂ ನುಗ್ಗುತ್ತಾರೆ, ಕೆಳಗೆ ನಿಲುಗಡೆಯಿಂದ ಕಾರುಗಳು ಹೊರಬರಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ನಾವು ಆಸನದಲ್ಲೇ ಉಳಿದೆವು. ಅವ್ವ ಶಾಲು ಹೊದ್ದು, ಉಳಿದಿದ್ದ ಅರ್ಧ ರೊಟ್ಟಿಯನ್ನು ಮುರಿದು ನನಗೊಂದು ಚೂರು ಕೊಟ್ಟು, ವೇದಿಕೆಯ ಮೇಲೆ ಹುಡುಗರು ತಂತಿಗಳನ್ನು ಸುತ್ತಿಡುವುದನ್ನು ನೋಡುತ್ತ, ಮಧ್ಯಾಹ್ನ ಕೇಳಿದ ಧಾಟಿಯೊಂದಕ್ಕೆ ತನ್ನ ಬೀಸುವ ಪದದ ಸಾಲನ್ನು ಹೊಂದಿಸಿ ಸಣ್ಣ ದನಿಯಲ್ಲಿ ಎರಡು ಸಲ ಹಾಡಿಕೊಂಡಳು. ಮೂರನೆಯ ಸಾಲು ಅವಳಿಗೆ ನೆನಪಾದದ್ದು ಕಾರು ಹೆದ್ದಾರಿಗೆ ಬಂದ ಮೇಲೆ.