ಹಳೆಯ ಬಡಗಿ ಉಪಕರಣದ ವಯಸ್ಸು ಗೊತ್ತುಮಾಡುವ ಕೆಲಸ

ಅಮೆರಿಕದ ಒಹಾಯೊ ರಾಜ್ಯದ ಸಣ್ಣ ವಸ್ತುಸಂಗ್ರಹಾಲಯವೊಂದರಲ್ಲಿ, ಕಾಡು ಕಡಿದು ಊರು ಕಟ್ಟಿದ ಮೊದಲ ವಲಸಿಗರ ಮರಗೆಲಸದ ಉಪಕರಣಗಳನ್ನು ಪರಿಶೀಲಿಸಿ ದಾಖಲಿಸುವುದು ನನ್ನ ಕೆಲಸ. ಹೆಚ್ಚಿನವು ಸುತ್ತಲಿನ ರೈತ ಕುಟುಂಬಗಳು ಕೊಟ್ಟಂಥವು. 1788ರಲ್ಲಿ ಈ ರಾಜ್ಯದ ಮರಿಯೆಟ್ಟಾ ಊರು ಹುಟ್ಟಿದಾಗಲೇ ಹಿರಿಯರು ದೋಣಿಯಲ್ಲಿ ತಂದದ್ದು ಎಂಬಂಥ ಕಥೆಯೂ ಜೊತೆಗೆ ಬರುತ್ತದೆ. ಅದನ್ನು ಅಲ್ಲಗಳೆಯುವುದೂ ತರವಲ್ಲ, ಹೇಳಿದಂತೆಯೇ ನಂಬುವುದೂ ತರವಲ್ಲ. ಒಂದು ಉಪಕರಣಕ್ಕೆ ಒಂದೇ ವಯಸ್ಸು ಇರುವುದಿಲ್ಲ, ಆದ್ದರಿಂದ ಅಲಗು, ಕಾವು, ತಿರುಪುಮೊಳೆಗಳನ್ನು ಬೇರೆಬೇರೆಯಾಗಿಯೇ ದಾಖಲಿಸಬೇಕು ಎಂಬುದು ಈ ಕೆಲಸದಲ್ಲಿ ನಾನು ಕಲಿತದ್ದು.

ವಲಸಿಗರು ಹೊರೆ ತಗ್ಗಿಸಲು ಅನೇಕ ವೇಳೆ ಕಬ್ಬಿಣದ ಭಾಗಗಳನ್ನಷ್ಟೇ ತಂದು, ಕಾವುಗಳನ್ನು ಸ್ಥಳದಲ್ಲೇ ಹಿಕರಿ ಅಥವಾ ಆ್ಯಶ್ ಮರದಿಂದ ಕೆತ್ತಿಕೊಳ್ಳುತ್ತಿದ್ದರು. ಮುರಿದ ಕಾವನ್ನು ಬದಲಿಸುತ್ತಿದ್ದರು. ಸವೆದ ಅಲಗಿಗೆ ಕಮ್ಮಾರನಿಂದ ಹೊಸ ಉಕ್ಕು ಬೆಸೆಸುತ್ತಿದ್ದರು.

ತೊಲೆಯನ್ನು ಚೌಕ ಮಾಡುವ ಅಗಲ ಕೊಡಲಿಯನ್ನೇ ನೋಡಿ. ದಿಮ್ಮಿಯ ಮೇಲೆ ದಾರದಿಂದ ಗೆರೆ ಹೊಡೆದು, ಮಾಮೂಲಿ ಕೊಡಲಿಯಿಂದ ಅಲ್ಲಲ್ಲಿ ಕಚ್ಚು ಹಾಕಿದ ಮೇಲೆ, ಉಳಿದ ಮರವನ್ನು ಇದರಿಂದ ಚಕ್ಕೆಯಾಗಿ ಎಬ್ಬಿಸುತ್ತಿದ್ದರು. ಅಲಗಿನ ಒಂದು ಮಗ್ಗುಲು ಸಪಾಟು, ಇನ್ನೊಂದು ಮಗ್ಗುಲಿಗೆ ಮಾತ್ರ ಸಾಣೆಯ ಇಳಿಜಾರು. ಬೆರಳ ಗೆಣ್ಣುಗಳು ದಿಮ್ಮಿಗೆ ಉಜ್ಜದಿರಲೆಂದು ಕಾವು ಹೊರಕ್ಕೆ ಬಾಗಿರುತ್ತದೆ. ಬಾಗಿದ ದಿಕ್ಕಿನಿಂದ ಬಳಸಿದವನು ಎಡಚನೋ ಅಲ್ಲವೋ ಎಂಬುದನ್ನು ಊಹಿಸಬಹುದು, ಆದರೆ ಆ ಸುಳಿವು ಕೊನೆಯ ಕಾವು ಹಾಕಿಕೊಂಡವನದೇ ಹೊರತು ಕೊಡಲಿ ತಂದವನದಲ್ಲ. ಮರ ಕೆತ್ತುವ ಬಾಚಿಯ ಕಾವನ್ನಂತೂ ನಾನು ನಂಬುವುದೇ ಇಲ್ಲ, ಏಕೆಂದರೆ ಸಾಣೆ ಹಿಡಿಯುವಾಗ ಸುಲಭವಾಗಿ ಕಳಚಿ ಬರುವಂತೆಯೇ ಅದನ್ನು ಕೂರಿಸಿರುತ್ತಾರೆ. (ನಮ್ಮೂರ ಬಡಗಿ ಕುಳಿತು ಒಂದೇ ಕೈಯಲ್ಲಿ ಆಡಿಸುವ ಗಿಡ್ಡ ಬಾಚಿಯನ್ನು ಕಂಡವನಿಗೆ, ನಿಂತು ಕಾಲುಗಳ ನಡುವೆ ಬೀಸುವ ಇಲ್ಲಿನ ಉದ್ದ ಬಾಚಿ ಈಗಲೂ ದಿಗಿಲು ಹುಟ್ಟಿಸುತ್ತದೆ.)

ಕಾಲ ನಿರ್ಣಯಕ್ಕೆ ಪೇಟೆಂಟ್‌ಗಳು ನೆರವಾಗುತ್ತವೆ. ಯಂತ್ರದಲ್ಲಿ ತಯಾರಾದ ಮೊನಚು ತುದಿಯ ತಿರುಪುಮೊಳೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1840ರ ದಶಕದಲ್ಲಿ. ರಸೆಲ್ ಜೆನ್ನಿಂಗ್ಸ್ ಎಂಬಾತ ಮರ ಕೊರೆಯುವ ಜೋಡಿ ಸುರುಳಿಯ ಬೈರಿಗೆಗೆ ಪೇಟೆಂಟ್ ಪಡೆದದ್ದು 1855ರಲ್ಲಿ. ಅಂಥ ಬೈರಿಗೆ 1788ರ ದೋಣಿಯಲ್ಲಿ ಬಂದಿರಲಾರದು.

ಸ್ವಚ್ಛಗೊಳಿಸುವುದು ಎಲ್ಲಕ್ಕಿಂತ ಕೊನೆಗೆ. ಹಲಗೆ ಹೆರೆದು ನುಣುಪು ಮಾಡುವ ಮರದ ತೋಪಡದ ಮುಂತುದಿಯಲ್ಲಿ ತಯಾರಕನ ಮುದ್ರೆಯ ಪಕ್ಕದಲ್ಲೇ ಒಬ್ಬರ ನಂತರ ಒಬ್ಬರಂತೆ ಮಾಲೀಕರು ಒತ್ತಿದ ಹೆಸರುಗಳಿರುತ್ತವೆ. ಉಜ್ಜುಕಾಗದ ಒಮ್ಮೆ ಆಡಿದರೆ ಅವು ಮಸುಕಾಗುತ್ತವೆ. ಆದ್ದರಿಂದ ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಅಕ್ಷರಗಳನ್ನು ಓದಿಕೊಂಡ ನಂತರವೇ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುತ್ತೇನೆ. ಕುಟುಂಬದವರು ಹೇಳಿದ ಕಥೆಗೆ ದಾಖಲೆಯಲ್ಲಿ ಪ್ರತ್ಯೇಕ ಅಂಕಣವಿದೆ. ಅಲ್ಲಿ ಅದನ್ನು ಅವರ ಮಾತಿನಲ್ಲೇ, ಹೇಳಿದವರ ಹೆಸರಿನೊಂದಿಗೆ ಬರೆಯುತ್ತೇನೆ.