ಮ್ಯೂರೆನ್ ಮಾಡೆಲ್ ಅಪ್‌ಡೇಟ್: ಬಂಡೆ ಎದ್ದು ನಿಂತಿದೆ, ಇನ್ನು ರೈಲಿನ ಸರದಿ

ಸ್ವಿಟ್ಜರ್ಲೆಂಡಿನ ಮ್ಯೂರೆನ್ ಹಳ್ಳೀನ 1:10,000 ಸ್ಕೇಲಲ್ಲಿ ಕಟ್ತಿದೀನಲ್ಲ, ಅದರ ಬೆಟ್ಟದ ಕೆಲ್ಸ ಮುಗೀತು. ಸ್ವಿಸ್ ಸರ್ಕಾರದ ಮ್ಯಾಪ್ ಇಲಾಖೆ ಸ್ವಿಸ್‌ಟೊಪೊ 2021ರಿಂದ ಎತ್ತರದ ಡೇಟಾ ಫ್ರೀಯಾಗಿ ಕೊಡ್ತಿದೆ, ಅದನ್ನ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿ 50 ಮೀಟರ್‌ಗೊಂದು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ತೆಗೆದು, ಪ್ರಿಂಟ್ ಹಾಕ್ಸಿ, 5 ಎಂಎಂ ಸನ್‌ಬೋರ್ಡ್ (ಹಗುರವಾದ ಫೋಮ್ ಶೀಟ್) ಮೇಲೆ ಅಂಟಿಸಿ ಕಟ್ ಮಾಡ್ತಾ ಬಂದೆ. ಒಂದು ಶೀಟ್ ಅಂದ್ರೆ ಸರಿಯಾಗಿ 50 ಮೀಟರ್. ಕೆಳಗಿನ ಕಣಿವೆಯಿಂದ 2970 ಮೀಟರಿನ ಶಿಲ್ಟ್‌ಹಾರ್ನ್ ತುದಿವರೆಗೆ ನಲವತ್ತಕ್ಕೂ ಜಾಸ್ತಿ ಶೀಟು.

ಕತ್ತರಿಸುವಾಗ ಒಂದು ವಿಷ್ಯ ಕೈಗೇ ಗೊತ್ತಾಯ್ತು. ಊರು ಇರೋದು 1638 ಮೀಟರ್ ಎತ್ತರದ ಒಂದು ಜಗಲಿ ತರದ ಜಾಗದಲ್ಲಿ, ಅದರ ಅಂಚಿಂದ ಕೆಳಗೆ ಲೌಟರ್‌ಬ್ರುನೆನ್ ಕಣಿವೆಗೆ ಸುಣ್ಣಕಲ್ಲಿನ ಬಂಡೆ ನೇರ ಇಳಿಯುತ್ತೆ, ಹಿಂದೆ ಹಿಮನದಿ ಕೊರೆದು ಮಾಡಿದ ಕಣಿವೆ ಅದು. ಪ್ರಿಂಟಲ್ಲಿ ಅಲ್ಲಿ ಗೆರೆಗಳು ಒಂದರ ಮೇಲೊಂದು ಕೂತುಬಿಟ್ಟಿವೆ, ನಡುವೆ ಕಟರ್ ಬ್ಲೇಡ್ ಹೋಗಲ್ಲ, ಹಾಗಾಗಿ ಆ ಶೀಟುಗಳನ್ನೆಲ್ಲ ಒಟ್ಟಿಗೆ ಅಂಟಿಸಿ ಒಂದೇ ಏಟಿಗೆ ಕತ್ತರಿಸಿದೆ. ಈ ಊರಿನ ಕಥೆ ಪೂರ್ತಿ ಈ ಗೋಡೆಯದ್ದೇ ಅಂತ ನನಗನ್ಸುತ್ತೆ. ಇದನ್ನ ಯಾರು ಹೇಗೆ ಹತ್ತಿದ್ರು ಅನ್ನೋದ್ರ ಮೇಲೇ ಎಲ್ಲಾ ನಿಂತಿದೆ.

ಹೆಸರು 1257ರ ದಾಖಲೇಲೇ ಸಿಗುತ್ತೆ. ಮಧ್ಯಯುಗದಲ್ಲಿ ಲೋಚೆನ್‌ಟಾಲ್ ಅನ್ನೋ ಕಣಿವೆಯಿಂದ ಬಂದ ಜನ ಇಲ್ಲೂ ಕೆಳಗಿನ ಗಿಮೆಲ್‌ವಾಲ್ಡ್ ಹಳ್ಳೀಲೂ ನೆಲೆ ನಿಂತ್ರು, ಅಂದ್ರೆ ಅವರು ಬಂದಿದ್ದು ಕೆಳಗಿನ ಕಣಿವೆ ಕಡೆಯಿಂದಲ್ಲ, ಬೆಟ್ಟಸಾಲಿನ ಆ ಕಡೆಯಿಂದ! ದನ, ಹುಲ್ಲು, ಚೀಸು, ಶತಮಾನಗಳ ಕಾಲ ಅದೇ ಬದುಕು. 1850ರ ದಶಕದಲ್ಲಿ ಮೊದಲ ಹೋಟೆಲ್ ಆಯ್ತು.

ಆಮೇಲೆ 1891. ಲೌಟರ್‌ಬ್ರುನೆನ್‌ನಿಂದ ಬಂಡೆ ಮೇಲಿನ ಗ್ರೂಚಾಲ್ಪ್ ಸ್ಟೇಷನ್‌ಗೆ ಹಗ್ಗದಿಂದ ಎಳೆಯೋ ರೈಲು, ಅಲ್ಲಿಂದ ಬಂಡೆ ಅಂಚಲ್ಲೇ ಮ್ಯೂರೆನ್‌ಗೆ ಮೀಟರ್ ಗೇಜ್ ಎಲೆಕ್ಟ್ರಿಕ್ ರೈಲು. ಹಗ್ಗದ ರೈಲಿನ ಕೆಳಗಿನ ನೆಲ ಜಾರ್ತಾ ಇತ್ತು ಅಂತ 2006ರಲ್ಲಿ ಅದರ ಬದಲು ಕೇಬಲ್ ಕಾರ್ ಹಾಕಿದ್ರು, ಮೇಲಿನ ರೈಲು ಮಾತ್ರ ಈಗ್ಲೂ ಓಡುತ್ತೆ, ಅದೇ ನನ್ನ ಮುಂದಿನ ಕೆಲ್ಸ. 4.3 ಕಿಲೋಮೀಟರ್ ಅಂದ್ರೆ ನನ್ನ ಬೋರ್ಡ್ ಮೇಲೆ 43 ಸೆಂಟಿಮೀಟರ್ ತಾಮ್ರದ ತಂತಿ, ಎನಾಮೆಲ್ ಹಚ್ಚಿರೋದು. ಮನೆಗಳು ಸಾಸಿವೆ ಕಾಳಿಗಿಂತ ಚಿಕ್ಕವು, ಚಿಮಟ ಹಿಡ್ಕೊಂಡೇ ಕೂರಿಸ್ಬೇಕು.

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಸ್ಕೀಯಿಂಗ್ ಕಾಲ. ಮೊದಲು ಆ ರೈಲು ಬೇಸಿಗೇಲಿ ಮಾತ್ರ, 1910ರ ಸುಮಾರಿಗೆ ಹೆನ್ರಿ ಲನ್ ಅನ್ನೋ ಇಂಗ್ಲಿಷ್ ಟೂರ್ ಆಪರೇಟರ್ ಚಳಿಗಾಲದಲ್ಲೂ ಓಡ್ಸಿ ಅಂತ ರೈಲಿನವರನ್ನ ಒಪ್ಸಿದ. ಮೊದಲ ಮಹಾಯುದ್ಧದಲ್ಲಿ 1916ರಿಂದ ಗಾಯಗೊಂಡ ಬ್ರಿಟಿಷ್ ಯುದ್ಧಕೈದಿಗಳನ್ನ ಇಲ್ಲಿನ ಹೋಟೆಲ್‌ಗಳಲ್ಲಿ ಇಟ್ಟಿದ್ರು. 1922ರಲ್ಲಿ ಹೆನ್ರಿ ಮಗ ಆರ್ನಾಲ್ಡ್ ಲನ್ ಇಲ್ಲೇ ಈಗಿನ ತರದ ಸ್ಲಾಲಂ (ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯೋ) ಸ್ಪರ್ಧೆ ಶುರು ಮಾಡಿದ, 1928ರಲ್ಲಿ ಶಿಲ್ಟ್‌ಹಾರ್ನ್ ತುದಿಯಿಂದ ಇನ್‌ಫರ್ನೋ ಅನ್ನೋ ಸ್ಕೀ ರೇಸ್ ಶುರುವಾಯ್ತು, 17 ಜನ ಇಳಿದಿದ್ರು, ಈಗ ಅದಕ್ಕೆ 1850 ಜನರ ಮಿತಿ ಇಟ್ಟಿದಾರೆ ಅಷ್ಟು ಡಿಮ್ಯಾಂಡು. 1931ರಲ್ಲಿ ಮೊದಲ ಆಲ್ಪೈನ್ ಸ್ಕೀ ವಿಶ್ವ ಚಾಂಪಿಯನ್‌ಶಿಪ್ ಕೂಡ ಇಲ್ಲೇ, ಹೆಂಗಸರ ಡೌನ್‌ಹಿಲ್ (ಇಳಿಜಾರಲ್ಲಿ ವೇಗದ ಓಟ), ಸ್ಲಾಲಂ ಎರಡನ್ನೂ ಗೆದ್ದಿದ್ದು ಎಸ್ಮೆ ಮೆಕಿನನ್. ವರ್ಷಪೂರ್ತಿ ಇರೋರು ಸುಮಾರು ನಾನೂರು ಜನ ಇರೋ ಊರು ಇದು, ಒಂದು ಕ್ರೀಡೆ ಇಲ್ಲಿ ರೂಪ ಪಡೀತು ಅನ್ನೋದು ನೆನೆದ್ರೆ ಈಗ್ಲೂ ರೋಮಾಂಚನ ಆಗುತ್ತೆ. ಇನ್‌ಫರ್ನೋ ದಾರಿ 14.9 ಕಿಲೋಮೀಟರ್, ಮಾಡೆಲಲ್ಲಿ ಅದನ್ನ ಕೆಂಪು ಗೆರೆಯಾಗಿ ಬಿಡಿಸ್ತೀನಿ.

1967ಕ್ಕೆ ಶಿಲ್ಟ್‌ಹಾರ್ನ್ ಕೇಬಲ್ ಕಾರ್ ಪೂರ್ತಿ ಆಯ್ತು, ತುದೀಲಿ ತಿರುಗೋ ರೆಸ್ಟೋರೆಂಟ್ ಇದೆ, 1969ರ ಜೇಮ್ಸ್ ಬಾಂಡ್ ಸಿನಿಮಾದಿಂದ ಫೇಮಸ್ ಆಗಿದ್ದು ಅದೇ. 2024ರ ಡಿಸೆಂಬರ್‌ನಲ್ಲಿ ಕಣಿವೆಯಿಂದ ನೇರ ಮ್ಯೂರೆನ್‌ಗೆ ಹೊಸ ಲೈನ್ ಬಂತು, ಅತಿ ಕಡಿದಾದ ಜಾಗದಲ್ಲಿ 159.4 ಪರ್ಸೆಂಟ್ ಏರು (ಅಡ್ಡಕ್ಕೆ 100 ಮೀಟರ್ ಹೋದ್ರೆ ಮೇಲಕ್ಕೆ 159.4 ಮೀಟರ್), ಜಗತ್ತಲ್ಲೇ ಅತಿ ಕಡಿದಾದ ಕೇಬಲ್ ಕಾರ್ ಅಂತಾರೆ, ನಾಲ್ಕೇ ನಿಮಿಷ.

ಹೋಗೋರಿಗೆ ಒಂದು ಮಾತು. ನಮ್ಮ ಕಡೆಯ ಟೂರ್ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಎದುರುಗಡೆ ಬೆಟ್ಟದ ಮೇಲಿನ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ ತೋರಿಸಿ ವಾಪಸ್ ಕರ್ಕೊಂಡ್ ಬರ್ತವೆ. ಆದ್ರೆ ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರ ಸಾಲಾಗಿ ಕಾಣೋದು ಕಣಿವೆಯ ಈ ಕಡೆ ನಿಂತಾಗ. ಊರಿಗೆ ಪಬ್ಲಿಕ್ ರೋಡ್ ಇಲ್ಲ, ಕಾರುಗಳ ಗಲಾಟೆನೂ ಇಲ್ಲ. 1912ರ ಹಳೇ ಹಗ್ಗದ ರೈಲಲ್ಲಿ ಊರ ಮೇಲಿನ ಆಲ್ಮೆಂಡ್‌ಹ್ಯೂಬೆಲ್ ಗುಡ್ಡಕ್ಕೆ ಹತ್ತಿ ಬೇಸಿಗೇಲಿ ಹೂಗಳ ನಡುವೆ ನಡೀಬಹುದು, ಧೈರ್ಯ ಇರೋರಿಗೆ ಗಿಮೆಲ್‌ವಾಲ್ಡ್‌ವರೆಗೆ ಬಂಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲು ಹಿಡ್ಕೊಂಡು ಹೋಗೋ ವಿಯಾ ಫೆರಾಟಾ ಇದೆ, ಶಿಲ್ಟ್‌ಹಾರ್ನ್ ಕೇಬಲ್ ಕಾರ್ ದಾರೀಲಿರೋ ಬಿರ್ಗ್ ಸ್ಟೇಷನ್‌ನಲ್ಲಿ ಬಂಡೆಗೆ ಅಂಟ್ಕೊಂಡಿರೋ ಥ್ರಿಲ್ ವಾಕ್ ಅನ್ನೋ ಕಾಲುದಾರಿ ಇದೆ. ಸಣ್ಣ ಮಕ್ಕಳಿದ್ರೆ ಹೂವಿನ ದಾರಿನೇ ವಾಸಿ.

ಈ ವಾರ ಪುಟ್ಟಿ ಉಜ್ಜಿ ಪ್ರೈಮರ್ ಹೊಡೀತೀನಿ, ಆಮೇಲೆ ತಂತಿ. ಕೇಬಲ್ ಲೈನಿಗೆ ಫಿಶಿಂಗ್ ಲೈನ್ ಹಾಕಿ ನೋಡ್ದೆ, ಈ ಸ್ಕೇಲಿಗೆ ದಪ್ಪ ಕಾಣುತ್ತೆ. ಅದಕ್ಕಿಂತ ತೆಳ್ಳಗೆ, ಬಿಗಿಯಾಗಿ ಎಳೆದ್ರೆ ಜೋತು ಬೀಳದೇ ಇರೋ ದಾರ ಯಾರಾದ್ರೂ ಬಳಸಿದ್ರೆ ಹೇಳಿ.