ದರಪಟ್ಟಿಯ ಎಂಟು ಸಾಲುಗಳು

ಗುಬ್ಬಿ ತಾಲ್ಲೂಕಿನ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಬೆಳಗಿನ ಜಾವ ಕ್ಯಾನು ಹಿಡಿದು ಬರುವ ರೈತರಿಗೆ ಅವರ ಹಾಲಿನಲ್ಲಿ ಫ್ಯಾಟ್ ಎಷ್ಟು ಬಂತು, ಲೀಟರಿಗೆ ಎಷ್ಟು ದರ ಬಿತ್ತು, ಪಶು ಆಹಾರದ ಬಾಬ್ತು ಎಷ್ಟು ಮುರಿದುಕೊಂಡೆವು ಎಂಬುದನ್ನು ಪೈಸೆಯ ಮಟ್ಟಿಗೆ ಹೇಳಬೇಕಾದ ಕೆಲಸ ಇದು. "ಇದ್ಯಾಕೆ ನಾಕು ರೂಪಾಯಿ ಕಮ್ಮಿ ಬಂದೈತೆ?" ಎಂದು ಎರಡು ಲೀಟರ್ ಹಾಲು ಹಾಕುವ ಅಜ್ಜಿ ಕೇಳಿದರೂ ರಿಜಿಸ್ಟರ್ ತೆರೆದು ತೋರಿಸಿದ ಮೇಲೆಯೇ ನಮ್ಮ ಮಾತಿಗೆ ಬೆಲೆ. ಹೀಗಿದ್ದೂ 2023ರ ಅಕ್ಟೋಬರ್‌ನಲ್ಲಿ ತುಮಕೂರಿನ ಕಾರ್ ಶೋರೂಮೊಂದರಲ್ಲಿ, ನನ್ನ ಬದುಕಿನ ಅತಿ ದೊಡ್ಡ ಖರೀದಿಯ ದರಪಟ್ಟಿಯನ್ನು ಕೈಯಲ್ಲಿ ಹಿಡಿದು, ಕೊನೆಯ ಮೊತ್ತವನ್ನಷ್ಟೇ ಓದಿ ತಲೆಯಾಡಿಸಿ ಹನ್ನೊಂದು ಸಾವಿರ ರೂಪಾಯಿ ಬುಕ್ಕಿಂಗ್ ಹಣ ಕಟ್ಟಿ ಬಂದಿದ್ದೆ.

ಕಾರು ನಮಗೆ ಶೋಕಿಗಾಗಿ ಬೇಕಿರಲಿಲ್ಲ. ಅಮ್ಮನ ಮಂಡಿಗಳು ಬಸ್ಸಿನ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ತಿಂಗಳಿಗೆ ಎರಡು ಸಲ ತುಮಕೂರಿನ ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಹೋಗಿ ಬರುವುದು ಹೊರೆಯಾಗುತ್ತಿತ್ತು. ಮಳೆ ಕೈಕೊಟ್ಟ ವರ್ಷವಾದರೂ ಹಿಂದಿನ ವರ್ಷದ ಅಡಿಕೆಯ ಹಣ ಸ್ವಲ್ಪ ಉಳಿದಿತ್ತು, ಬ್ಯಾಂಕಿನಲ್ಲಿ ಆರು ಲಕ್ಷ ಸಾಲ ಮಂಜೂರಾಗಿತ್ತು. ಅಕ್ಟೋಬರ್ 23ರ ಆಯುಧಪೂಜೆಯ ದಿನ ಗಾಡಿ ಮನೆಯಂಗಳದಲ್ಲಿರಬೇಕು, ಚಕ್ರದಡಿ ನಿಂಬೆಹಣ್ಣು ಇಟ್ಟು ಅಮ್ಮನೇ ಆರತಿ ಎತ್ತಬೇಕು ಎಂಬುದು ಮನೆಯವರೆಲ್ಲರ ಆಸೆಯಾಗಿತ್ತು.

ಆ ರಾತ್ರಿ ಊಟವಾದ ಮೇಲೆ ದರಪಟ್ಟಿಯನ್ನು ಟೇಬಲ್ಲಿನ ಮೇಲೆ ಹರಡಿ, ಸಂಘದ ಅಭ್ಯಾಸದಂತೆ ನೋಟ್‌ಬುಕ್ಕಿನ ಒಂದು ಪುಟಕ್ಕೆ ಇಳಿಸತೊಡಗಿದೆ. ಎಕ್ಸ್ ಶೋರೂಂ ಬೆಲೆ 7,80,000. ತೆರಿಗೆ ಮತ್ತು ನೋಂದಣಿ 1,29,500. ವಿಮೆ 43,800. ಹ್ಯಾಂಡ್ಲಿಂಗ್ ಚಾರ್ಜಸ್ 9,500. ಎಸೆನ್ಷಿಯಲ್ ಕಿಟ್ 14,900. ಎಕ್ಸ್‌ಟೆಂಡೆಡ್ ವಾರಂಟಿ 13,200. ಟೆಫ್ಲಾನ್ ಕೋಟಿಂಗ್ 6,500. ಫಾಸ್ಟ್ಯಾಗ್ 600. ಒಟ್ಟು 9,98,000. ಹತ್ತು ಲಕ್ಷದೊಳಗೆ ಮುಗಿಯಿತಲ್ಲ ಎಂಬ ಸಮಾಧಾನವೇ ಮೊದಲ ದಿನ ನನ್ನ ಬಾಯಿ ಕಟ್ಟಿಹಾಕಿತ್ತು. ಈಗ ಬರೆಯುತ್ತ ಬರೆಯುತ್ತ, ಸಂಘದ ನಗದು ಪುಸ್ತಕದಲ್ಲಿ ಇರುವಂತೆ ಪ್ರತಿ ಮೊತ್ತದ ಮುಂದೆ 'ಯಾರಿಗೆ' ಎಂದು ಒಂದು ಕಾಲಂ ಎಳೆದೆ. ಮೊದಲ ಸಾಲಿಗೆ ಕಂಪನಿ ಮತ್ತು ಶೋರೂಂ ಎಂದು ಬರೆದೆ, ಎರಡನೆಯದಕ್ಕೆ ಸರ್ಕಾರ ಎಂದು ಬರೆದೆ, ಮೂರನೆಯದಕ್ಕೆ ವಿಮಾ ಕಂಪನಿ ಎಂದು ಬರೆದೆ. ಹ್ಯಾಂಡ್ಲಿಂಗ್ ಚಾರ್ಜಸ್ ಎಂಬ ನಾಲ್ಕನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

ಸರ್ಕಾರ ಎಂದು ಬರೆದ ಸಾಲನ್ನೇ ಮೊದಲು ಪರೀಕ್ಷಿಸಿದೆ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಒಂದು ನಿಯಮವಿದೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಆಗ ಶೇ. 14 ಇತ್ತು, ಆ ತೆರಿಗೆಯ ಮೇಲೆ ಶೇ. 11ರಷ್ಟು ಸೆಸ್. 7,80,000ಕ್ಕೆ ತೆರಿಗೆ 1,09,200, ಸೆಸ್ 12,012. ಅದರ ಮೇಲೆ ನೋಂದಣಿ ಶುಲ್ಕ 600, ಬ್ಯಾಂಕ್ ಸಾಲವಿರುವುದರಿಂದ ಹೈಪಾಥಿಕೇಶನ್, ಅಂದರೆ ಗಾಡಿಯ ಮೇಲೆ ಬ್ಯಾಂಕಿನ ಹಕ್ಕನ್ನು, ನಮೂದಿಸಲು 1,500, ಆರ್‌ಸಿ ಸ್ಮಾರ್ಟ್ ಕಾರ್ಡಿಗೆ 200. ಎಷ್ಟು ಸಲ ಕೂಡಿದರೂ 1,23,512 ಬರುತ್ತಿತ್ತೇ ಹೊರತು 1,29,500 ಬರುತ್ತಿರಲಿಲ್ಲ. ಸರ್ಕಾರದ ಹೆಸರಿನ ಸಾಲಿನೊಳಗೆ ಸರ್ಕಾರಕ್ಕೆ ಸೇರದ 5,988 ರೂಪಾಯಿ ಕುಳಿತಿತ್ತು. ಹ್ಯಾಂಡ್ಲಿಂಗ್ ಚಾರ್ಜಸ್ಸಿಗಿಂತ ಇದೇ ನನ್ನನ್ನು ಹೆಚ್ಚು ನೋಯಿಸಿತು. ಶೋರೂಂ ತನ್ನ ಕೆಲಸಕ್ಕೆ ತನ್ನ ಹೆಸರಿನಲ್ಲಿ ಹಣ ಕೇಳುವುದು ಒಂದು ಮಾತು. ತೆರಿಗೆ ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ ಎಂಬ ಧೈರ್ಯದಿಂದ ಅದರೊಳಗೆ ಹಣ ಸೇರಿಸುವುದು ಬೇರೆಯದೇ ಮಾತು.

ವಿಮೆಯ ಸಾಲಿನಲ್ಲಿ ಎರಡು ಭಾಗಗಳಿವೆ. ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಮಾಡಿಸುವ ಥರ್ಡ್ ಪಾರ್ಟಿ ವಿಮೆಯನ್ನು ಹೊಸ ಕಾರಿಗೆ ಮೂರು ವರ್ಷಕ್ಕೆ ಒಟ್ಟಿಗೇ ಮಾಡಿಸಬೇಕೆಂಬ ನಿಯಮ 2018ರ ಸೆಪ್ಟೆಂಬರ್‌ನಿಂದ ಇದೆ. ನಾವು ನೋಡಿದ್ದ ಸುಮಾರು 1,200 ಸಿಸಿ ಎಂಜಿನ್ನಿನ ಕಾರಿಗೆ ಆಗ ಅದರ ದರ 10,640 ರೂಪಾಯಿ ಇತ್ತು, ಜೊತೆಗೆ ಜಿಎಸ್‌ಟಿ. ಅದು ಯಾವ ಕಂಪನಿಗೆ ಹೋದರೂ ಬದಲಾಗದು. ಬದಲಾಗುವುದು ಸ್ವಂತ ಗಾಡಿಯ ಹಾನಿಗೆ ಮಾಡಿಸುವ ಒಂದು ವರ್ಷದ ವಿಮೆ. ಮರುದಿನ ಗುಬ್ಬಿಯ ಪರಿಚಿತ ವಿಮಾ ಏಜೆಂಟರ ಬಳಿ ಹೋಗಿ, ಅದೇ 7,41,000ದ ಐಡಿವಿ (ವಿಮೆಗೆ ಕಟ್ಟಿದ ಗಾಡಿಯ ಬೆಲೆ), ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಅದೇ ಬಂಪರ್ ಟು ಬಂಪರ್ ಸೌಲಭ್ಯಕ್ಕೆ ಎಷ್ಟಾಗುತ್ತದೆಂದು ಕೇಳಿದೆ. ಅವರು ಫೋನಿನಲ್ಲೇ ಲೆಕ್ಕ ಹಾಕಿ ಎರಡೂ ಭಾಗ ಸೇರಿ 31,600 ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಶೋರೂಂ ದರದಲ್ಲಿ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಸೇರಿದೆ, ನಿಮಗೆ ಆ ಮೊತ್ತದ ಪಾಲಿಸಿ ಈಗಾಗಲೇ ಇದ್ದರೆ ಇನ್ನೊಂದು ಬೇಕಾಗಿಲ್ಲ ಎಂದು ತೋರಿಸಿದವರೂ ಅವರೇ. ನನ್ನ ಬಳಿ ಅದು ಇತ್ತು.

ಮೂರು ದಿನ ಬಿಟ್ಟು ಬಿ.ಎಚ್. ರಸ್ತೆಯ ಆ ಶೋರೂಮಿಗೆ ಮತ್ತೆ ಹೋದೆವು. ಅಮ್ಮ ಜೊತೆಗೆ ಬಂದಿದ್ದರು. ನಮ್ಮನ್ನು ಮೊದಲು ಮಾತನಾಡಿಸಿದ ಸೇಲ್ಸ್ ಹುಡುಗ ಕೊರಟಗೆರೆ ಕಡೆಯವನು, ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದವನು. ಅಮ್ಮನನ್ನು ಕೈಹಿಡಿದು ಕುರ್ಚಿಗೆ ಕೂರಿಸಿ ನೀರು ತಂದುಕೊಟ್ಟ. ನಾನು ನೋಟ್‌ಬುಕ್ ತೆರೆದಿಟ್ಟಾಗ ಅವನ ಮುಖದ ಬಣ್ಣ ಬದಲಾದದ್ದನ್ನು ಕಂಡು ನನಗೇ ಸಂಕಟವಾಯಿತು.

"ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪ?" ಎಂದು ಕೇಳಿದೆ.

"ಸರ್, ಗಾಡಿನ ಯಾರ್ಡಿಂದ ಶೋರೂಮಿಗೆ ತರೋದು, ತೊಳ್ಸೋದು, ಪೇಪರ್ ವರ್ಕು, ಎಲ್ಲ ಸೇರಿ."

"ಎಕ್ಸ್ ಶೋರೂಂ ಬೆಲೆ ಅಂದ್ರೆ ಶೋರೂಮಿನಲ್ಲಿ ನಿಂತಿರೋ ಗಾಡಿ ಬೆಲೆ ತಾನೆ? ಇಲ್ಲಿಗೆ ತರೋ ಖರ್ಚು ಅದರೊಳಗೇ ಬರಬೇಕಲ್ವಾ?"

ಅವನು ಉತ್ತರಿಸದೆ ಎದ್ದುಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ಬಹಳ ಮರ್ಯಾದೆಯ ಮನುಷ್ಯ, ದನಿ ಏರಿಸಲಿಲ್ಲ. ಎಲ್ಲ ಗ್ರಾಹಕರೂ ಇದನ್ನು ಕಟ್ಟುತ್ತಾರೆ, ಕಂಪ್ಯೂಟರಿನಲ್ಲಿ ತಾನಾಗಿ ಬರುವ ಮೊತ್ತ, ತೆಗೆಯಲು ತಮಗೆ ಅಧಿಕಾರವಿಲ್ಲ ಎಂದರು. ಹಾಗಾದರೆ ಆ ಒಂಬತ್ತೂವರೆ ಸಾವಿರಕ್ಕೆ ಶೋರೂಮಿನ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯ ಸಮೇತ, ಯಾವ ಕೆಲಸಕ್ಕೆ ಪಡೆದದ್ದೆಂದು ನಮೂದಿಸಿ ಬಿಲ್ಲು ಕೊಡಿ, ಕೊಟ್ಟರೆ ಕಟ್ಟುವ ವಿಚಾರ ಮಾಡುತ್ತೇನೆ ಎಂದೆ. ಸ್ವಲ್ಪ ಹೊತ್ತು ಅವರು ದರಪಟ್ಟಿಯನ್ನೇ ನೋಡುತ್ತ ಕುಳಿತರು. ಬಳಿಕ ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆಯುವ ಬದಲು, ಕೆಳಗೆ 'ವಿಶೇಷ ರಿಯಾಯಿತಿ 9,500' ಎಂದು ಬರೆದರು. ನನಗೆ ಇದು ಸರಿ ಕಾಣಲಿಲ್ಲ. ಶುಲ್ಕವನ್ನು ಹಾಗೇ ಉಳಿಸಿ ರಿಯಾಯಿತಿ ಕೊಟ್ಟರೆ, ನಾಳೆ ಕಾರಿನ ಮೇಲೆ ನಿಜವಾಗಿ ಕೊಡಬಹುದಾದ ರಿಯಾಯಿತಿ ಇದ್ದರೂ ಅದು ಇದರಲ್ಲೇ ಕರಗಿಹೋಗುತ್ತದೆ. ರಿಯಾಯಿತಿ ಬೇಡ, ಸಾಲನ್ನೇ ತೆಗೆಯಿರಿ ಎಂದು ಕೇಳಿಕೊಂಡೆ.

ಆಗ ಅವರು ನಮಗೆ ಅತ್ಯಂತ ಕಷ್ಟವಾಗುವ ಮಾತನ್ನು ಆಡಿದರು. "ಸರ್, ಪೂಜೆಗೆ ಇನ್ನು ಆರೇ ದಿನ ಇರೋದು. ಈ ಬಣ್ಣದ್ದು ಒಂದೇ ಗಾಡಿ ಉಳ್ದಿದೆ, ಇನ್ನೊಬ್ರು ಕೇಳ್ತಿದಾರೆ. ಪೂರ್ತಿ ಪೇಮೆಂಟ್ ಮಾಡಿ ಗಾಡಿ ತಗೊಂಡು ಹೋಗಿ ಪೂಜೆ ಮಾಡಿ, ಇದನ್ನೆಲ್ಲ ಆಮೇಲೆ ಕೂತು ಮಾತಾಡೋಣ."

ಆಮೇಲೆ ಎಂಬುದು ಎಂಥ ಆಮೇಲೆ ಎಂದು ಹಣಕಾಸಿನ ವ್ಯವಹಾರ ಮಾಡಿದವರಿಗೆಲ್ಲ ಗೊತ್ತು. ತಾತ್ಕಾಲಿಕವೋ ಶಾಶ್ವತವೋ, ನೋಂದಣಿಯಾಗದೆ ಗಾಡಿಯನ್ನು ಗ್ರಾಹಕನ ಕೈಗೆ ಕೊಡುವಂತಿಲ್ಲ ಎಂಬುದು ಮೋಟಾರು ವಾಹನ ನಿಯಮ. ನೋಂದಣಿಯಾಗಬೇಕಾದರೆ ಹಣ ಪೂರ್ತಿ ಸಂದಾಯವಾಗಿರಬೇಕು. ಸಂದಾಯವಾದ ಮೇಲೆ ಮಾತನಾಡಲು ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಇದೆಲ್ಲ ತಿಳಿದಿದ್ದರೂ ನನ್ನ ಕಣ್ಣು ಅಮ್ಮನ ಕಡೆಗೆ ಹೋಯಿತು. ಅವರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಗಾಜಿನ ಆಚೆ ನಿಂತಿದ್ದ ಕಾರನ್ನು ನೋಡುತ್ತಿದ್ದರು. ಅದರ ಸೀಟುಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇತ್ತು, ಸ್ಟಿಯರಿಂಗಿಗೆ ಯಾರೋ ಆಗಲೇ ಒಂದು ಕೆಂಪು ರಿಬ್ಬನ್ ಕಟ್ಟಿದ್ದರು. "ಪೂಜೆ ಯಾವತ್ತು ಮಾಡಿದ್ರೂ ಪೂಜೆನೇ ಕಣಪ್ಪ," ಎಂದರು ಅಮ್ಮ. "ಕಾರ್ತಿಕ ಮಾಸ ಇಲ್ವೇನು? ನಡಿ." ಕುರ್ಚಿಯ ತೋಳು ಹಿಡಿದು ಏಳಲು ಹೊರಟೇಬಿಟ್ಟರು. ಅವರು ಚೌಕಾಸಿಯ ಉಪಾಯವಾಗಿ ಅದನ್ನು ಮಾಡಲಿಲ್ಲ, ಮನಸ್ಸಿನಿಂದಲೇ ಹೇಳಿದ್ದರು. ಬಹುಶಃ ಆದ್ದರಿಂದಲೇ ಮ್ಯಾನೇಜರ್ "ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ" ಎಂದು ಎದ್ದು ನಿಂತರು.

ಅಲ್ಲಿಂದ ಮುಂದೆ ಮಾತು ಸುಲಭವಾಯಿತು. ಹ್ಯಾಂಡ್ಲಿಂಗ್ ಸಾಲನ್ನು ತೆಗೆದು ಹೊಸ ದರಪಟ್ಟಿ ಮುದ್ರಿಸಲು ಒಪ್ಪಿದರು. ಹೊರಗಿನ ವಿಮೆಯಾದರೆ ಕ್ಯಾಶ್‌ಲೆಸ್, ಅಂದರೆ ರಿಪೇರಿ ಹಣವನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ಸೌಲಭ್ಯ, ಸಿಗುವುದಿಲ್ಲ ಎಂದು ಒಮ್ಮೆ ಹೇಳಿ ನೋಡಿದರು. ಅದು ವರ್ಕ್‌ಶಾಪು ಆ ವಿಮಾ ಕಂಪನಿಯ ಜಾಲದಲ್ಲಿದೆಯೇ ಎಂಬುದರ ಮೇಲೆ ನಿಂತಿದೆ, ಪಾಲಿಸಿಯನ್ನು ಎಲ್ಲಿ ಕೊಂಡೆವು ಎಂಬುದರ ಮೇಲೆ ಅಲ್ಲ ಎಂದು ಏಜೆಂಟರು ಹೇಳಿಕೊಟ್ಟದ್ದನ್ನು ಹೇಳಿದೆ. ಚೀಟಿ ತೋರಿಸಿದ ಮೇಲೆ ಅದೇ 31,600ಕ್ಕೆ ತಾವೇ ಮಾಡಿಸಿಕೊಡುವುದಾಗಿ ಹೇಳಿದರು, ಒಪ್ಪಿಕೊಂಡೆ. ಟೆಫ್ಲಾನ್ ಕೋಟಿಂಗ್ ಬೇಡವೆಂದೆ, ಅದು ಹೋಯಿತು. ಎಸೆನ್ಷಿಯಲ್ ಕಿಟ್ಟಿನ ಚೀಲ ಬಿಚ್ಚಿಸಿ ನೋಡಿದರೆ ಅದರಲ್ಲಿ ಮ್ಯಾಟು, ಮಡ್ ಫ್ಲ್ಯಾಪು, ಸೀಟ್ ಕವರು, ಬಾಗಿಲಿನ ಅಂಚಿಗೆ ಹಚ್ಚುವ ಪಟ್ಟಿ, ಸುಗಂಧದ ಶೀಶೆ, ಕೀ ಚೈನು ಇದ್ದವು. ನಮ್ಮೂರಿನ ಮಣ್ಣಿನ ದಾರಿಗೆ ಮೊದಲ ಎರಡು ಬೇಕೇ ಬೇಕು. ಅವುಗಳನ್ನಷ್ಟೇ 3,200ಕ್ಕೆ ಉಳಿಸಿಕೊಂಡೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾತ್ರ ಚೌಕಾಸಿಯಿಲ್ಲದೆ ಪೂರ್ತಿ ದರಕ್ಕೆ ತೆಗೆದುಕೊಂಡೆ, ಏಕೆಂದರೆ ಅದು ಕಾರ್ ಕಂಪನಿಯದೇ ಯೋಜನೆ, ದರವನ್ನು ಕಂಪನಿಯೇ ಮುದ್ರಿಸಿದೆ, ರಿಪೇರಿಯ ಖರ್ಚನ್ನು ಹಠಾತ್ತಾಗಿ ಹೊರುವ ಶಕ್ತಿ ನಮ್ಮ ಮನೆಗಿಲ್ಲ.

ಉಳಿದದ್ದು ಆ 5,988. ತೆರಿಗೆಯ ಲೆಕ್ಕವನ್ನು ಅವರ ಮುಂದೆ ಸಾಲುಸಾಲಾಗಿ ಓದಿದೆ. "ಅದು ಆರ್‌ಟಿಒ ಖರ್ಚು ಸರ್, ನಿಮಗೇ ಗೊತ್ತಲ್ಲ" ಎಂದು ಮ್ಯಾನೇಜರ್ ದನಿ ತಗ್ಗಿಸಿದರು. ನನಗೆ ಗೊತ್ತಿಲ್ಲ ಎಂದೆ. ಗಾಡಿ ನೋಂದಣಿಗೆ ಸರ್ಕಾರದ್ದೇ ಆದ ವಾಹನ್ ಪೋರ್ಟಲಿನಲ್ಲಿ ಹಣ ಕಟ್ಟಿದ ರಸೀದಿಯಲ್ಲಿ ಎಷ್ಟಿರುತ್ತದೋ ಅಷ್ಟನ್ನೇ ಕೊಡುತ್ತೇನೆ, ಕಡತ ಸಿದ್ಧಪಡಿಸುವ ನಿಮ್ಮ ಸಿಬ್ಬಂದಿಯ ಶ್ರಮಕ್ಕೆ ನ್ಯಾಯವಾದದ್ದನ್ನು ಬೇರೆಯಾಗಿ ಬಿಲ್ಲು ಮಾಡಿ, ಸಂತೋಷದಿಂದ ಕೊಡುತ್ತೇನೆ ಎಂದೆ. ಅರ್ಧ ಗಂಟೆ ಒಳಗೆ ಹೊರಗೆ ಓಡಾಡಿ, ಫೋನು ಮಾಡಿ, ಕೊನೆಗೆ ಸಾವಿರ ರೂಪಾಯಿ ಸೇವಾ ಶುಲ್ಕ, 180 ರೂಪಾಯಿ ಜಿಎಸ್‌ಟಿ ಎಂದು ಬರೆದರು. ಅದರಲ್ಲಿ ನನಗೆ ಯಾವ ತಕರಾರೂ ಇರಲಿಲ್ಲ.

ಕೊನೆಯ ಮೊತ್ತ 9,53,292. ಮೊದಲ ದಿನ ತಲೆಯಾಡಿಸಿದ್ದಕ್ಕಿಂತ 44,708 ಕಡಿಮೆ. ನಮ್ಮ ಸಂಘಕ್ಕೆ ದಿನಕ್ಕೆ ಎಂಟು ಲೀಟರ್ ಹಾಲು ಹಾಕುವ ಮನೆಯೊಂದು ಐದಾರು ತಿಂಗಳು ದುಡಿದರೆ ಬರುವಷ್ಟು ಹಣ ಅದು.

ಹೊಸ ದರಪಟ್ಟಿ ಮುದ್ರಣವಾಗುವ ತನಕ ಹೊರಗೆ ಚಹಾ ಕುಡಿಯುತ್ತಿದ್ದಾಗ ಸೇಲ್ಸ್ ಹುಡುಗ ಪಕ್ಕಕ್ಕೆ ಬಂದು ನಿಂತ. ನಿನಗೆ ಇದರಿಂದ ತೊಂದರೆಯಾಯಿತೇ ಎಂದು ಕೇಳಿದೆ. "ಸಂಬಳ ಹದಿನಾಲ್ಕು ಸಾವಿರ ಸರ್. ಗಾಡಿ ಮಾರಿದ್ರೆ ಬರೋದು ಸ್ವಲ್ಪ, ಕಿಟ್ಟು, ಇನ್ಶೂರೆನ್ಸು, ಕೋಟಿಂಗು ಮಾರಿದ್ರೆನೇ ಇನ್ಸೆಂಟಿವ್ವು" ಎಂದ. ಕಾರಿನ ಮೇಲೆ ಶೋರೂಂಗಳಿಗೆ ಸಿಗುವ ಲಾಭಾಂಶ ತೆಳುವಾದದ್ದು, ಆದ್ದರಿಂದಲೇ ಅವರು ಈ ಸಣ್ಣ ಸಾಲುಗಳ ಮೇಲೆ ಬದುಕುತ್ತಾರೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೂ ಆ ಲಾಭವನ್ನು ಗ್ರಾಹಕನ ಅರಿವಿಲ್ಲದಿರುವಿಕೆಯಿಂದ ಕೀಳಬೇಕಾದ ಸ್ಥಿತಿಯಲ್ಲಿ ಇಂಥ ಒಳ್ಳೆಯ ಹುಡುಗರನ್ನು ನಿಲ್ಲಿಸಿರುವುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ವಾರಂಟಿಯ ಇನ್ಸೆಂಟಿವ್ ಅವನಿಗೆ ಸಿಗುತ್ತದೆ ಎಂದು ಕೇಳಿ ಸ್ವಲ್ಪ ಸಮಾಧಾನವಾಯಿತು.

ಬ್ಯಾಂಕಿನಿಂದ ಹಣ ಬಿಡುಗಡೆಯಾಗುವುದು ಎರಡು ದಿನ ತಡವಾಗಿ, ಆಯುಧಪೂಜೆಗೆ ಗಾಡಿ ಬರಲಿಲ್ಲ. ಆ ದಿನ ಅಮ್ಮ ಹಳೆಯ ಬೈಕಿಗೂ ಸಂಘದ ಹಾಲಿನ ತಕ್ಕಡಿಗೂ ಪೂಜೆ ಮಾಡಿದರು. ಅಕ್ಟೋಬರ್ 27ರಂದು ಡೆಲಿವರಿ ಕೊಟ್ಟಾಗ ಹಾರ ಹಾಕುವುದಕ್ಕೂ ಮೊದಲು ನಾನು ಕೇಳಿದ್ದು ವಾಹನ್ ರಸೀದಿಯನ್ನು. ಹುಡುಗ ಅದನ್ನು ಆಗಲೇ ಫೈಲಿನಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟಿದ್ದ. 1,23,512 ಎಂಬ ಅಂಕಿಯ ಕೆಳಗೆ ಅವನೇ ಪೆನ್ಸಿಲ್ಲಿನಿಂದ ಸಣ್ಣದೊಂದು ಗೆರೆ ಎಳೆದಿದ್ದ.